ನ್ಯಾಯಾಲಯದಲ್ಲಿ ಮಗುವಿನ ಪರವಾಗಿ ಒಬ್ಬರು: ಕಾಸಾ ಸ್ವಯಂಸೇವೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿಯಾಟಲ್ ಸಮೀಪದ ಊರೊಂದರಲ್ಲಿ ನೆಲೆಸಿದ್ದೇನೆ. ಕೆಲವು ವರ್ಷಗಳಿಂದ ಇಲ್ಲಿನ ನ್ಯಾಯಾಲಯದಲ್ಲಿ ಫಾಸ್ಟರ್ ಕೇರ್, ಅಂದರೆ ತಾತ್ಕಾಲಿಕ ಸಾಕು ಆರೈಕೆಯಲ್ಲಿರುವ ಮಕ್ಕಳ ಪರ ‘ಕಾಸಾ’ ಎಂಬ ಸ್ವಯಂಸೇವಕಿಯಾಗಿದ್ದೇನೆ. ಯುಗಾದಿಯ ಊಟದ ಪಂಕ್ತಿಯಲ್ಲಿ, ರಾಜ್ಯೋತ್ಸವದ ಸಂಜೆಯಲ್ಲಿ, ಊರಿಗೆ ಹೋದಾಗ ಅಕ್ಕಂದಿರ ಮನೆಯ ಜಗಲಿಯಲ್ಲಿ ನಮ್ಮವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇನೆ. ನಾನು ಕಂಡ ಯಾವ ಮಗುವಿನ ಕಥೆಯೂ ಇಲ್ಲಿಲ್ಲ, ಇರಲೂ ಬಾರದು. ಉದಾಹರಣೆಗಳೆಲ್ಲ ವಿವರಿಸುವುದಕ್ಕಾಗಿ ಕಲ್ಪಿಸಿಕೊಂಡವು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ‘ನಮ್ಮಲ್ಲಿ’ ಎಂದಲ್ಲೆಲ್ಲ ವಾಷಿಂಗ್ಟನ್ ರಾಜ್ಯ ಎಂದು ಓದಿಕೊಳ್ಳಿ.

ಫಾಸ್ಟರ್ ಕೇರ್ ಎಂದರೆ ಅನಾಥಾಶ್ರಮವೇ?

ಅಲ್ಲ. ಈ ಮಕ್ಕಳಲ್ಲಿ ಹೆಚ್ಚಿನವರು ಅನಾಥರಲ್ಲ. ಅಪ್ಪನೋ ಅಮ್ಮನೋ ಅಥವಾ ಇಬ್ಬರೂ ಇದ್ದಾರೆ, ಎಷ್ಟೋ ಸಲ ಅದೇ ಊರಿನಲ್ಲೇ ಇದ್ದಾರೆ. ಮನೆಯಲ್ಲಿ ಮಗುವಿಗೆ ಅಪಾಯವಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದಾಗ ಸರ್ಕಾರ ಅದನ್ನು ತಾತ್ಕಾಲಿಕವಾಗಿ ಬೇರೆ ಮನೆಯಲ್ಲಿ ಇರಿಸುತ್ತದೆ. ಅದು ಪರವಾನಗಿ ಪಡೆದ ಸಾಕು ಕುಟುಂಬವಾಗಿರಬಹುದು. ಸರಿಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಅಜ್ಜಿ, ಚಿಕ್ಕಮ್ಮ, ಮಾವ ಹೀಗೆ ಬಂಧುಗಳ ಮನೆಯಲ್ಲೇ ಇರುತ್ತಾರೆ. 2022ರ ಸೆಪ್ಟೆಂಬರ್ ಕೊನೆಗೆ ಅಮೆರಿಕದಲ್ಲಿ ಹೀಗೆ ಮನೆಯಿಂದ ಹೊರಗಿದ್ದ ಮಕ್ಕಳ ಸಂಖ್ಯೆ ಸುಮಾರು 3 ಲಕ್ಷ 68 ಸಾವಿರ.

ಕಾರಣ ಕೇಳಿದರೆ ನಮ್ಮವರ ಕಣ್ಣಮುಂದೆ ಮೊದಲು ಬರುವುದು ಹೊಡೆತ, ಬಡಿತ. ಅದೂ ಇದೆ. ಆದರೆ ಅದಕ್ಕಿಂತ ಹೆಚ್ಚಾಗಿ ಕಾಣುವುದು ನಿರ್ಲಕ್ಷ್ಯ: ಅಮಲಿನ ಚಟಕ್ಕೆ ಬಿದ್ದು ಮಗುವಿಗೆ ಊಟ ಹಾಕುವುದನ್ನೇ ಮರೆತ ತಂದೆ, ಖಿನ್ನತೆಯಿಂದ ಹಾಸಿಗೆ ಬಿಟ್ಟೇಳಲಾಗದ ತಾಯಿ.

ಕಾಸಾ ಎಂದರೆ ಯಾರು? ವಕೀಲರೇ?

ವಕೀಲರಲ್ಲ. ನ್ಯಾಯಾಲಯವೇ ನೇಮಿಸುವ, ಸಂಬಳವಿಲ್ಲದ, ತರಬೇತಿ ಪಡೆದ ಸಾಮಾನ್ಯ ನಾಗರಿಕರು. ‘ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್’ ಎಂಬ ಇಂಗ್ಲಿಷಿನ ಉದ್ದನೆಯ ಹೆಸರಿನ ಮೊದಲಕ್ಷರಗಳು ಕೂಡಿ ‘ಕಾಸಾ’ ಆಗಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಕಾಸಾ ಎಂದರೆ ಮನೆ ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿದ ದಿನ ಬಹಳ ಹೊತ್ತು ಆ ಪದವೇ ಮನಸ್ಸಿನಲ್ಲಿತ್ತು. ಕೆಲವು ರಾಜ್ಯಗಳಲ್ಲಿ ಇದೇ ಕೆಲಸ ಮಾಡುವವರನ್ನು ‘ಗಾರ್ಡಿಯನ್ ಆಡ್ ಲೈಟಮ್’ ಎನ್ನುತ್ತಾರೆ.

ವಿಚಾರಣೆಯ ಕೋಣೆಯನ್ನು ಕಲ್ಪಿಸಿಕೊಳ್ಳಿ. ಸರ್ಕಾರದ ಮಕ್ಕಳ ಇಲಾಖೆಯ ಪರ ವಕೀಲರು, ತಾಯಿಯ ಪರ ಒಬ್ಬರು, ತಂದೆಯ ಪರ ಇನ್ನೊಬ್ಬರು, ಕೈಯಲ್ಲಿ ಹತ್ತಾರು ಕಡತಗಳನ್ನು ಹಿಡಿದ ಸಮಾಜ ಕಾರ್ಯಕರ್ತೆ. ಇವರೆಲ್ಲರಿಗೂ ಇನ್ನೂ ಎಷ್ಟೋ ಪ್ರಕರಣಗಳಿವೆ. ಕಾಸಾ ಸ್ವಯಂಸೇವಕರ ಕೈಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಕರಣ, ಹೆಚ್ಚೆಂದರೆ ಎರಡು. ನಮ್ಮ ಬೆಲೆಯೆಲ್ಲ ಇರುವುದು ಇಲ್ಲಿ. ಸಮಾಜ ಕಾರ್ಯಕರ್ತರು ಬದಲಾಗುತ್ತಾರೆ, ಸಾಕು ಮನೆ ಬದಲಾಗುತ್ತದೆ, ಶಾಲೆ ಬದಲಾಗುತ್ತದೆ, ಕೆಲವೊಮ್ಮೆ ನ್ಯಾಯಾಧೀಶರೂ ಬದಲಾಗುತ್ತಾರೆ. ಮೊದಲ ದಿನ ಬಂದವರೇ ಕೊನೆಯ ದಿನವೂ ಬರುವುದು ಮಗುವಿನ ಪಾಲಿಗೆ ದೊಡ್ಡ ಸಂಗತಿ.

ಇದು ಶುರುವಾದದ್ದು ಹೇಗೆ?

ನಮ್ಮ ಸಿಯಾಟಲ್‌ನಲ್ಲೇ. 1976ರಲ್ಲಿ ಕಿಂಗ್ ಕೌಂಟಿಯ (ಸಿಯಾಟಲ್ ಇರುವ ಜಿಲ್ಲೆಯ) ಬಾಲ ನ್ಯಾಯಾಲಯದಲ್ಲಿದ್ದ ನ್ಯಾಯಾಧೀಶ ಡೇವಿಡ್ ಸೂಕಪ್ ಅವರಿಗೆ ಒಂದು ಕೊರಗಿತ್ತು. ಪುಟ್ಟ ಮಗುವಿನ ಇಡೀ ಬದುಕನ್ನು ತಿರುಗಿಸುವ ತೀರ್ಪು ಕೊಡಬೇಕು, ಆದರೆ ಆ ಮಗುವಿನ ಬಗ್ಗೆ ತಮ್ಮ ಮುಂದಿರುವ ಮಾಹಿತಿ ಅಷ್ಟಕ್ಕಷ್ಟೆ. ಮಗುವಿನ ಪರವಾಗಿಯಷ್ಟೇ ನೋಡಿ ಬಂದು ಹೇಳುವವರು ಯಾರಾದರೂ ಸಿಗಬಹುದೇ ಎಂದು ಕೆಲವರನ್ನು ಮಧ್ಯಾಹ್ನದ ಬುತ್ತಿಯೊಂದಿಗೆ ಬರಲು ಆಹ್ವಾನಿಸಿದರು. ನಾಲ್ಕೈದು ಮಂದಿ ಬಂದಾರು ಎಂದುಕೊಂಡಿದ್ದರೆ ಐವತ್ತು ಜನ ಸೇರಿದ್ದರು. 1977ರಲ್ಲಿ ಕಾರ್ಯಕ್ರಮ ಆರಂಭವಾಯಿತು. ಮೊದಲ ವರ್ಷ 110 ಸ್ವಯಂಸೇವಕರು 498 ಮಕ್ಕಳ ಪರ ನಿಂತರು. ಈಗ ದೇಶದಲ್ಲಿ ಇಂಥ 900ಕ್ಕೂ ಹೆಚ್ಚು ಕಾರ್ಯಕ್ರಮಗಳಿವೆ.

ನಾನು ಕಾನೂನು ಓದಿಲ್ಲ. ನನ್ನ ಇಂಗ್ಲಿಷ್ ಉಚ್ಚಾರಣೆಯೂ ಊರಿನದೇ. ನನ್ನಿಂದ ಆಗುತ್ತದೆಯೇ?

ಆಗುತ್ತದೆ. ರಾಷ್ಟ್ರೀಯ ಮಾನದಂಡದ ಪ್ರಕಾರ 21 ವರ್ಷ ತುಂಬಿರಬೇಕು. ಅಪರಾಧ ದಾಖಲೆ, ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ಮೊದಲಾದವುಗಳ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ಸಂದರ್ಶನ ಮತ್ತು ತರಬೇತಿ ಮುಗಿಸಬೇಕು. ಪದವಿ ಕೇಳುವುದಿಲ್ಲ. ಉಚ್ಚಾರಣೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಮಕ್ಕಳು ‘ನೀವು ಯಾಕೆ ಹಾಗೆ ಮಾತಾಡುತ್ತೀರಿ’ ಎಂದು ನೇರವಾಗಿ ಕೇಳುತ್ತಾರೆ. ‘ನಾನು ಹುಟ್ಟಿದ ಊರಿನಲ್ಲಿ ಬೇರೆ ಭಾಷೆ ಇದೆ’ ಎಂದರೆ ಅವರಿಗೆ ಅದು ಸಾಕು. ತಾನೂ ಬೇರೆ ಕಡೆಯಿಂದ ತಂದು ಬಿಟ್ಟವನು ಎಂದುಕೊಂಡಿರುವ ಮಗುವಿಗೆ ಆ ಉತ್ತರ ಹತ್ತಿರವೂ ಆಗಬಹುದು.

ವೀಸಾ ಮೇಲಿರುವವರು ಅರ್ಜಿ ಹಾಕುವ ಮೊದಲು ಸ್ಥಳೀಯ ಕಾರ್ಯಕ್ರಮದ ಕಚೇರಿಯನ್ನೂ ತಮ್ಮ ವಲಸೆ ವಕೀಲರನ್ನೂ ಒಂದು ಮಾತು ಕೇಳಿಕೊಳ್ಳಿ. ಕಾಗದಪತ್ರಕ್ಕಿಂತ ನನ್ನನ್ನು ಹೆಚ್ಚು ಕಾಡುವ ವಿಷಯ ಬೇರೆ. ಆರು ತಿಂಗಳಲ್ಲಿ ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವ ಅಂದಾಜಿದ್ದರೆ ದಯವಿಟ್ಟು ಈಗ ಸೇರಬೇಡಿ. ಬಿಟ್ಟುಹೋದವರ ಪಟ್ಟಿ ಆ ಮಗುವಿನ ಬಳಿ ಆಗಲೇ ಉದ್ದವಾಗಿದೆ. ಒಂದೂವರೆ ಎರಡು ವರ್ಷ ಒಂದೇ ಕಡೆ ನಿಲ್ಲುವ ಭರವಸೆ ಬಂದ ಮೇಲೆ ಬನ್ನಿ.

ತರಬೇತಿ ಹೇಗಿರುತ್ತದೆ?

ಪ್ರಕರಣ ಕೈಗೆ ಬರುವ ಮೊದಲು ಕನಿಷ್ಠ 30 ಗಂಟೆ, ಆಮೇಲೆ ಪ್ರತಿ ವರ್ಷ 12 ಗಂಟೆ. ಕಾನೂನಿನ ಮೂಲ ಪಾಠ, ಮಕ್ಕಳ ಬೆಳವಣಿಗೆ, ಆಘಾತ ಮಕ್ಕಳ ವರ್ತನೆಯನ್ನು ಹೇಗೆ ಬದಲಿಸುತ್ತದೆ ಎಂಬುದು, ಚಟ, ಬಡತನ, ವರದಿ ಬರೆಯುವ ಕ್ರಮ. ಕೊನೆಗೆ ನ್ಯಾಯಾಧೀಶರ ಮುಂದೆ ಪ್ರಮಾಣವಚನ. ನಂತರವೂ ನೀವು ಒಂಟಿಯಲ್ಲ. ಅನುಭವಿ ಮೇಲ್ವಿಚಾರಕರೊಬ್ಬರು ಪ್ರತಿ ಹಂತದಲ್ಲೂ ಜೊತೆಗಿರುತ್ತಾರೆ.

ಒಂದು ಪ್ರಕರಣ ಹೇಗೆ ಸಾಗುತ್ತದೆ?

ನಮ್ಮಲ್ಲಿ ಮಗುವನ್ನು ಮನೆಯಿಂದ ಕರೆತಂದ 72 ಗಂಟೆಗಳೊಳಗೆ, ರಜಾ ದಿನಗಳನ್ನು ಬಿಟ್ಟು, ಮೊದಲ ವಿಚಾರಣೆ ನಡೆಯಬೇಕು. ಮಗು ಸದ್ಯಕ್ಕೆ ಎಲ್ಲಿರಬೇಕು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ವಕೀಲರನ್ನು ಇಡಲು ಶಕ್ತಿಯಿಲ್ಲದ ತಂದೆತಾಯಿಗೆ ನ್ಯಾಯಾಲಯವೇ ವಕೀಲರನ್ನು ಕೊಡುತ್ತದೆ. ಇಲಾಖೆ ಅರ್ಜಿ ಸಲ್ಲಿಸಿದ 75 ದಿನಗಳೊಳಗೆ ಆರೋಪಗಳು ನಿಜವೇ ಎಂಬ ವಿಚಾರಣೆ. ನಿಜವೆಂದಾದರೆ ತಂದೆತಾಯಿ ಏನೇನು ಮಾಡಬೇಕು ಎಂಬ ಆದೇಶ ಬರುತ್ತದೆ: ಚಟ ಬಿಡಿಸುವ ಚಿಕಿತ್ಸೆ, ಆಪ್ತ ಸಮಾಲೋಚನೆ, ಮಗುವನ್ನು ತಪ್ಪದೆ ಭೇಟಿಯಾಗುವುದು, ವಾಸಕ್ಕೆ ಒಂದು ಮನೆ. ಅದಕ್ಕೆ ಬೇಕಾದ ನೆರವನ್ನು ಇಲಾಖೆ ಒದಗಿಸಬೇಕು. ಆರು ತಿಂಗಳಿಗೊಮ್ಮೆ ಪರಿಶೀಲನೆ. ಹನ್ನೆರಡು ತಿಂಗಳೊಳಗೆ ಮಗುವಿನ ಶಾಶ್ವತ ನೆಲೆ ಎಲ್ಲಿ ಎಂಬ ವಿಚಾರಣೆ.

1997ರ ಕೇಂದ್ರ ಕಾನೂನಿನಲ್ಲಿ ಇನ್ನೊಂದು ಗಡಿಯಾರವಿದೆ. ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿದ್ದರೆ ತಂದೆತಾಯಿಯ ಹಕ್ಕನ್ನು ಕೊನೆಗೊಳಿಸುವ ಅರ್ಜಿಯನ್ನು ಇಲಾಖೆ ಹಾಕಬೇಕು. ವಿನಾಯಿತಿಗಳಿವೆ: ಮಗು ಬಂಧುಗಳ ಬಳಿ ಇದ್ದರೆ, ಇಲಾಖೆ ಕೊಡಬೇಕಾದ ನೆರವನ್ನು ಕೊಡದಿದ್ದರೆ, ಅಥವಾ ಹಾಗೆ ಮಾಡುವುದು ಮಗುವಿಗೆ ಹಿತವಲ್ಲ ಎಂಬ ಬಲವಾದ ಕಾರಣವಿದ್ದರೆ. ಚಿಕಿತ್ಸಾ ಕೇಂದ್ರದಲ್ಲಿ ಜಾಗ ಸಿಗಲು ಮೂರು ತಿಂಗಳು ಕಾದ ತಾಯಿಗೆ ಹದಿನೈದು ತಿಂಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಎರಡು ವರ್ಷದ ಕೂಸಿಗೆ ಅದು ಅರ್ಧ ಆಯುಸ್ಸಿಗಿಂತಲೂ ಹೆಚ್ಚು. ಎರಡೂ ನಿಜ. ಈ ಕೆಲಸದ ಕಷ್ಟವೆಲ್ಲ ಈ ಎರಡು ಗಡಿಯಾರಗಳ ನಡುವೆ ಇದೆ.

ಭೇಟಿಗೆ ಹೋದಾಗ ಏನು ಮಾಡುತ್ತೀರಿ?

ತಿಂಗಳಿಗೆ ಕನಿಷ್ಠ ಒಮ್ಮೆ ಮಗುವನ್ನು ಮುಖಾಮುಖಿ ಕಾಣಬೇಕು ಎಂಬುದು ನಿಯಮ. ನಾನು ಹೋಗಿ ಹೆಚ್ಚಾಗಿ ನೆಲದ ಮೇಲೆ ಕೂರುತ್ತೇನೆ. ಆಟವಾಡುತ್ತೇನೆ, ಸುಮ್ಮನಿರುತ್ತೇನೆ. ಆದ ನೋವಿನ ಬಗ್ಗೆ ಕೆದಕಿ ಕೇಳುವುದು ನನ್ನ ಕೆಲಸವಲ್ಲ. ಅದಕ್ಕೆ ತರಬೇತಾದವರು ಬೇರೆ ಇದ್ದಾರೆ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ, ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದಿಟ್ಟುಕೊಳ್ಳುತ್ತೇನೆ.

ಕಣ್ಣು ಮಾತ್ರ ಕೆಲಸ ಮಾಡುತ್ತಿರಬೇಕು. ಪಾದಕ್ಕೆ ಬೂಟು ಬಿಗಿಯಾಗಿದೆಯೇ? ಕಳೆದ ತಿಂಗಳು ಬೋರ್ಡು ಕಾಣುವುದಿಲ್ಲ ಎಂದಿದ್ದ ಮಗುವಿಗೆ ಕನ್ನಡಕ ಬಂತೇ? ಹಲ್ಲು ನೋವಿಗೆ ವೈದ್ಯರ ಬಳಿ ಕರೆದೊಯ್ದರೇ? ಬಟ್ಟೆಗಳು ಕಪಾಟಿನಲ್ಲಿವೆಯೇ, ಮನೆ ಬಿಡುವಾಗ ತುಂಬಿ ತಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲೇ ಇನ್ನೂ ಇವೆಯೇ? ಮೂರು ತಿಂಗಳಾದರೂ ಚೀಲ ಬಿಚ್ಚದ ಮಗು ಬಾಯಿಬಿಟ್ಟು ಹೇಳದ್ದನ್ನು ಹೇಳುತ್ತಿರುತ್ತದೆ. ಕೂದಲಿನ ಆರೈಕೆಯನ್ನೂ ನೋಡಿ. ಕಪ್ಪು ವರ್ಣೀಯ ಹುಡುಗಿಯ ಗುಂಗುರು ಕೂದಲನ್ನು ಬಾಚಲು ತಿಳಿಯದ ಸಾಕು ಮನೆಗಳಿವೆ. ಮಗು ಅದನ್ನು ಅವಮಾನವಾಗಿ ಹೊತ್ತುಕೊಂಡು ಶಾಲೆಗೆ ಹೋಗುತ್ತದೆ. ಹರಳೆಣ್ಣೆ ಹಚ್ಚಿ ಜಡೆ ಹೆಣೆಸಿಕೊಂಡು ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು.

ಮಗುವಿನ ಭೇಟಿಯಷ್ಟೇ ಅಲ್ಲ, ಶಿಕ್ಷಕಿ, ವೈದ್ಯರು, ಸಾಕು ತಾಯಿ, ಹೆತ್ತ ತಂದೆತಾಯಿ ಎಲ್ಲರ ಜೊತೆಗೂ ಮಾತಾಡುತ್ತೇವೆ. ನ್ಯಾಯಾಲಯದ ಆದೇಶವಿರುವುದರಿಂದ ಶಾಲೆ, ಆಸ್ಪತ್ರೆಗಳ ದಾಖಲೆಗಳನ್ನು ಕೇಳುವ ಅವಕಾಶವಿದೆ. ಕಾನೂನಿನ ಒಂದೆರಡು ತುಂಡುಗಳು ಗೊತ್ತಿದ್ದರೆ ಇಲ್ಲಿ ಬಹಳ ಉಪಯೋಗ. ಮಗುವಿಗೆ ಹಿತವಾಗುವುದಾದರೆ ಮನೆ ಬದಲಾದರೂ ಹಳೆಯ ಶಾಲೆಯಲ್ಲೇ ಉಳಿಸಬೇಕು ಎಂದು 2015ರ ಶಿಕ್ಷಣ ಕಾನೂನು ಹೇಳುತ್ತದೆ. ಅಣ್ಣತಮ್ಮ, ಅಕ್ಕತಂಗಿಯರನ್ನು ಒಟ್ಟಿಗೆ ಇರಿಸಲು ಸೂಕ್ತ ಪ್ರಯತ್ನ ಮಾಡಬೇಕು ಎಂದು 2008ರ ಕಾನೂನು ಹೇಳುತ್ತದೆ. ಹೇಳುವುದೇನೋ ಹೇಳುತ್ತದೆ, ಯಾರಾದರೂ ಪತ್ರ ಬರೆದು, ಫೋನ್ ಮಾಡಿ, ಮತ್ತೆ ಫೋನ್ ಮಾಡಿ ಕೇಳದಿದ್ದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ವರದಿಯಲ್ಲಿ ಏನು ಬರೆಯಬೇಕು?

ನನ್ನ ಮೊದಲ ಕರಡಿನಲ್ಲಿ ‘ಮನೆ ಅಸ್ತವ್ಯಸ್ತವಾಗಿತ್ತು, ತಾಯಿ ಆಸಕ್ತಿ ತೋರಲಿಲ್ಲ’ ಎಂದು ಬರೆದಿದ್ದೆ. ಮೇಲ್ವಿಚಾರಕಿ ಎರಡೂ ವಾಕ್ಯಗಳ ಕೆಳಗೆ ಗೆರೆ ಎಳೆದು ಕೇಳಿದರು: ಏನು ನೋಡಿದಿರಿ? ಯೋಚಿಸಿದೆ. ನೋಡಿದ್ದು ಸೋಫಾದ ಮೇಲೆ ಮಡಿಸದ ಬಟ್ಟೆ, ತೊಳೆಯದ ನಾಲ್ಕು ತಟ್ಟೆ. ತಾಯಿ ನಾಲ್ಕು ಸಲ ಗಡಿಯಾರ ನೋಡಿದ್ದಳು. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ಬಸ್ ತಪ್ಪಿದರೆ ಕೆಲಸ ಹೋಗುತ್ತದೆ ಎಂಬ ಆತಂಕ ಅವಳಿಗಿರಬಹುದೇ ಎಂದು ನಾನು ಕೇಳಿರಲೇ ಇಲ್ಲ. ನನ್ನ ಎರಡು ವಾಕ್ಯ ನ್ಯಾಯಾಧೀಶರ ಮೇಜಿಗೆ ಹೋಗಿದ್ದರೆ ಅವಳ ಮೇಲೆ ಅಚ್ಚೊತ್ತಿಬಿಡುತ್ತಿತ್ತು. ಅಂದಿನಿಂದ ಕಂಡದ್ದನ್ನು, ಕೇಳಿದ್ದನ್ನು, ದಿನಾಂಕದೊಂದಿಗೆ ಬರೆಯುತ್ತೇನೆ. ಅಭಿಪ್ರಾಯಕ್ಕೆ ಕೊನೆಯಲ್ಲಿ ಶಿಫಾರಸು ಎಂಬ ಜಾಗವಿದೆ, ಅಲ್ಲಿ ಮಾತ್ರ.

ಮಗುವಿನ ಇಚ್ಛೆಯನ್ನು ಅದರದೇ ಮಾತಿನಲ್ಲಿ ಸೇರಿಸುವುದು ಕಡ್ಡಾಯ.

ಮಗುವಿನ ಇಚ್ಛೆಯೂ ನಿಮ್ಮ ಅಭಿಪ್ರಾಯವೂ ಬೇರೆಯಾದರೆ?

ಎರಡನ್ನೂ ಬರೆಯಬೇಕು. ನಾವು ಶಿಫಾರಸು ಮಾಡುವುದು ಮಗುವಿನ ಹಿತವನ್ನು. ಮಗು ಬಯಸಿದ್ದನ್ನೇ ವಾದಿಸುವುದು ಮಗುವಿನ ವಕೀಲರ ಕೆಲಸ. ಹನ್ನೆರಡು ವರ್ಷದ ಹುಡುಗ ‘ಅಮ್ಮನ ಹತ್ತಿರವೇ ಹೋಗುತ್ತೇನೆ’ ಎನ್ನುತ್ತಾನೆ, ನನಗೆ ಅದು ಇನ್ನೂ ಸುರಕ್ಷಿತವಲ್ಲ ಅನ್ನಿಸುತ್ತದೆ ಎಂದಿಟ್ಟುಕೊಳ್ಳಿ. ವರದಿ ಸಲ್ಲಿಸುವ ಮೊದಲು ಅದನ್ನು ನಾನೇ ಅವನಿಗೆ ಹೇಳಬೇಕು. ನ್ಯಾಯಾಲಯದಲ್ಲಿ ಮೊದಲ ಬಾರಿ ಕೇಳಿಸಿಕೊಂಡರೆ ಅವನು ಇನ್ನೆಂದೂ ನನ್ನನ್ನು ನಂಬಲಾರ.

ಮಗುವನ್ನು ಹಾಗೆ ನೋಡಿಕೊಂಡವರ ಬಳಿಗೇ ಮತ್ತೆ ಕಳುಹಿಸುವುದೇ? ಒಳ್ಳೆಯ ಮನೆಯಲ್ಲೇ ಇರಲಿ ಬಿಡಿ!

ನಮ್ಮವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸೇರುವ ಮೊದಲು ನನ್ನ ಮನಸ್ಸಿನಲ್ಲೂ ಇದೇ ಇತ್ತು. ಮಗುವನ್ನು ಕೆಟ್ಟವರಿಂದ ಪಾರುಮಾಡುವುದು ನನ್ನ ಕೆಲಸ ಎಂದುಕೊಂಡಿದ್ದೆ.

ಹಾಗಲ್ಲ. ಕಾನೂನಿನ ಮೊದಲ ಗುರಿ ಹೆಚ್ಚಿನ ಪ್ರಕರಣಗಳಲ್ಲಿ ಮಗು ಸುರಕ್ಷಿತವಾಗಿ ತನ್ನ ಮನೆಗೆ ಮರಳುವುದು. ಫಾಸ್ಟರ್ ಕೇರ್‌ನಿಂದ ಹೊರಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಂದಿ ಹೀಗೆ ತಂದೆತಾಯಿಯ ಬಳಿಗೆ ಹೋಗುತ್ತಾರೆ. ಬೇರಾವ ದಾರಿಗಿಂತಲೂ ಇದೇ ಹೆಚ್ಚು. ದೊಡ್ಡ ಮನೆ, ಪ್ರತ್ಯೇಕ ಕೋಣೆ, ಪಿಯಾನೊ ಪಾಠ ಇರುವ ಸಾಕು ಮನೆ ‘ಉತ್ತಮ’ ಎಂಬ ಕಾರಣಕ್ಕೆ ಯಾರ ಮಗುವನ್ನೂ ಯಾರೂ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಿದ್ದರೆ ಬಡವರ ಮಕ್ಕಳೆಲ್ಲ ಸಿರಿವಂತರ ಮನೆ ಸೇರಬೇಕಾಗುತ್ತಿತ್ತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಅಂಗೀಕಾರವಾಗಿ 2023ರ ಜುಲೈಯಲ್ಲಿ ಜಾರಿಗೆ ಬಂದ ಕಾನೂನು, ಬಡತನವೊಂದೇ ಮಗುವನ್ನು ಮನೆಯಿಂದ ತೆಗೆಯಲು ಕಾರಣವಾಗದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗಿ ಬೆಳೆದವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ!

ಹೆತ್ತವರ ಮೇಲೆ ಕೋಪ ಬರುತ್ತದೆ, ಬರಲಿ. ಆದರೆ ತಿಂಗಳುಗಟ್ಟಲೆ ಚಟದೊಂದಿಗೆ ಸೆಣಸಿ, ಎರಡು ಬಸ್ ಬದಲಿಸಿ, ವಾರಕ್ಕೆ ಎರಡು ಗಂಟೆ ಮಗುವನ್ನು ನೋಡಲು ಬರುವ ತಾಯಿಯ ಮುಖವನ್ನು, ಅವಳು ಬಾಗಿಲಲ್ಲಿ ಕಂಡಾಗ ಮಗು ಓಡುವ ಪರಿಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಮನೆಗೆ ಮರಳಲಾಗದ ಮಕ್ಕಳೂ ಇದ್ದಾರೆ. ಅವರಿಗೆ ದತ್ತು, ಬಂಧುಗಳ ಪಾಲಕತ್ವ ಮೊದಲಾದ ದಾರಿಗಳಿವೆ. ಅಂಥ ಶಿಫಾರಸು ಬರೆದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ, ಅದು ಸರಿಯಾದ ಶಿಫಾರಸೇ ಆಗಿದ್ದರೂ.

ಏನು ಮಾಡಬಾರದು?

ಕಾನೂನು ಸಲಹೆ ಕೊಡಬಾರದು. ಮಗುವನ್ನು ನಿಮ್ಮ ಮನೆಗೆ ಕರೆತರಬಾರದು. ಕುಟುಂಬಕ್ಕೆ ಹಣ ಕೊಡಬಾರದು. ನೆರವೇರಿಸಲಾಗದ ಮಾತು ಕೊಡಬಾರದು. ‘ಬೇಗ ಮನೆಗೆ ಹೋಗುತ್ತೀಯ’ ಎಂಬ ಸಮಾಧಾನವನ್ನಂತೂ ಎಂದಿಗೂ ಹೇಳಬಾರದು. ಕಾರಿನಲ್ಲಿ ಕರೆದೊಯ್ಯುವುದು, ಉಡುಗೊರೆ ಮೊದಲಾದವಕ್ಕೆ ಆಯಾ ಕಾರ್ಯಕ್ರಮದ ನಿಯಮವನ್ನು ಕೇಳಿ ತಿಳಿಯಿರಿ.

ಮನೆಯವರ ಹತ್ತಿರವಾದರೂ ಹೇಳಿಕೊಳ್ಳಬಹುದೇ?

ಇಲ್ಲ. ಗಂಡನಿಗೂ ಇಲ್ಲ, ಗೆಳತಿಗೂ ಇಲ್ಲ. ಫೇಸ್‌ಬುಕ್ಕಿಗೆ ಹೆಸರಿಲ್ಲದ ಚಿತ್ರವೂ ಹೋಗಬಾರದು. ‘ಇವತ್ತು ಕಷ್ಟವಿತ್ತು’ ಎಂದು ಹೇಳಬಹುದು. ನಮ್ಮ ಮನೆಯಲ್ಲಿ ಅಂಥ ದಿನ ಯಾರೂ ಏನೂ ಕೇಳದೆ ಕಾಫಿ ಮಾಡಿಕೊಡುತ್ತಾರೆ. ಭಾರವನ್ನು ಇಳಿಸುವ ಜಾಗ ಮೇಲ್ವಿಚಾರಕರು, ಅದಕ್ಕೆ ಸಂಕೋಚ ಬೇಡ.

‘ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್’ ನಮ್ಮ ಮಕ್ಕಳಿಗಾಗಿ ಇರುವುದೇ?

ಹೆಸರು ನೋಡಿ ಹಲವರು ಹಾಗೆಂದುಕೊಳ್ಳುತ್ತಾರೆ. ಅಲ್ಲಿ ‘ಇಂಡಿಯನ್’ ಎಂದರೆ ಈ ನೆಲದ ಮೂಲನಿವಾಸಿ ಬುಡಕಟ್ಟುಗಳವರು. ಅವರ ಮಕ್ಕಳನ್ನು ದಶಕಗಳ ಕಾಲ ಕುಟುಂಬಗಳಿಂದ ಕಿತ್ತು ಹೊರಗಿನವರ ಮನೆಗಳಲ್ಲಿ ಇರಿಸಿದ ಅನ್ಯಾಯಕ್ಕೆ ಉತ್ತರವಾಗಿ 1978ರಲ್ಲಿ ಬಂದ ಕಾನೂನು ಅದು. ಮಗುವನ್ನು ಮೊದಲು ಬಂಧುಗಳಲ್ಲಿ, ಬುಡಕಟ್ಟಿನಲ್ಲಿ ಇರಿಸಲು ನೋಡಬೇಕು, ಬುಡಕಟ್ಟಿಗೆ ತಿಳಿಸಬೇಕು ಎನ್ನುತ್ತದೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾಷೆ, ಊರು, ಹಬ್ಬ ಕಳೆದುಕೊಂಡರೆ ಮಗು ಏನನ್ನು ಕಳೆದುಕೊಳ್ಳುತ್ತದೆ ಎಂದು ಕನ್ನಡ ಶಾಲೆಗೆ ವಾರ ವಾರ ಮಕ್ಕಳನ್ನು ಕರೆದೊಯ್ಯುವ ನಮಗೆ ಯಾರೂ ವಿವರಿಸಬೇಕಿಲ್ಲ.

ಒಳ್ಳೆಯ ಮನೆತನದವರು ಕೋರ್ಟಿನ ಮೆಟ್ಟಿಲು ಹತ್ತಬಾರದು ಎನ್ನುತ್ತಾರಲ್ಲ?

ನಮ್ಮ ಅತ್ತೆಯವರೂ ಹಾಗೆಯೇ ಅಂದಿದ್ದರು. ಆ ಮೆಟ್ಟಿಲನ್ನು ಐದು ವರ್ಷದ ಮಗು ಹತ್ತಬೇಕಾಗಿ ಬಂದಿದೆ, ಅದರ ಜೊತೆಗೆ ದೊಡ್ಡವರೊಬ್ಬರು ಬೇಡವೇ ಎಂದು ಕೇಳಿದೆ. ಮರುದಿನ ಅವರೇ ‘ಆ ಮಗು ಊಟ ಮಾಡುತ್ತಿದೆಯಂತಾ?’ ಎಂದು ವಿಚಾರಿಸಿದರು. ಉತ್ತರ ಹೇಳುವ ಹಾಗಿರಲಿಲ್ಲ.

ಎಷ್ಟು ಸಮಯ ಬೇಕು?

ತಿಂಗಳಿಗೆ ಹತ್ತು ಗಂಟೆ ಎಂದು ಅಂದಾಜು ಮಾಡಿ. ವಿಚಾರಣೆಯ ತಿಂಗಳಲ್ಲಿ ಹೆಚ್ಚು. ವಿಚಾರಣೆಗಳು ಕಚೇರಿಯ ವೇಳೆಯಲ್ಲೇ ಇರುವುದರಿಂದ ಕೆಲಸದಲ್ಲಿ ಅರ್ಧ ದಿನದ ರಜೆ ಸಿಗುವಂತಿರಬೇಕು.

ಕರ್ನಾಟಕದಲ್ಲಿ ಇಂಥದ್ದು ಇದೆಯೇ?

ಇದೇ ರೂಪದಲ್ಲಿ ಇಲ್ಲ. ಅಲ್ಲಿ 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಗಳಿವೆ: ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ರಕ್ಷಣೆ ಬೇಕಾದ ಮಗು ಬಾಲಮಂದಿರಕ್ಕೆ ಹೋಗಬೇಕೇ, ಮನೆಗೆ ಮರಳಬೇಕೇ ಎಂಬುದನ್ನು ಅವರು ತೀರ್ಮಾನಿಸುತ್ತಾರೆ. ಸಾಕು ಕುಟುಂಬದಲ್ಲಿ ಇರಿಸುವುದಕ್ಕೂ ಅದೇ ಕಾಯ್ದೆಯ 44ನೇ ಕಲಂ ಅವಕಾಶ ಕೊಡುತ್ತದೆ. ನಮ್ಮ ಕೆಲಸಕ್ಕೆ ಹತ್ತಿರವಾದದ್ದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣಗಳ ‘ಬೆಂಬಲ ವ್ಯಕ್ತಿ’: 2020ರ ನಿಯಮಗಳಂತೆ ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ಒಬ್ಬರನ್ನು ನೇಮಿಸಬಹುದು. ಆಸಕ್ತಿಯಿದ್ದವರು ತಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಯಾವುದಾದರೂ ಮಗು ಅಪಾಯದಲ್ಲಿದೆ ಅನ್ನಿಸಿದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸೇರಲು ಏನು ಮಾಡಬೇಕು? ಮೊದಲ ಭೇಟಿಗೆ ಏನು ಒಯ್ಯಬೇಕು?

ನಿಮ್ಮ ಕೌಂಟಿಯ ಹೆಸರಿನ ಜೊತೆ ಕಾಸಾ ಎಂದು ಹುಡುಕಿದರೆ ಸ್ಥಳೀಯ ಕಾರ್ಯಕ್ರಮ ಸಿಗುತ್ತದೆ. ಬಹಳಷ್ಟು ಕಡೆ ಸೇರುವ ಮುನ್ನ ಮಾಹಿತಿ ಸಭೆ ಇರುತ್ತದೆ. ಸುಮ್ಮನೆ ಕುಳಿತು ಕೇಳಿ ಬರಬಹುದು.

ಮೊದಲ ಭೇಟಿಗೆ ಕೆಲವು ಬಿಳಿ ಹಾಳೆ, ಬಣ್ಣದ ಪೆನ್ಸಿಲ್, ಊನೋ ಆಟದ ಒಂದು ಕಟ್ಟು ಕಾರ್ಡು ಸಾಕು. ನಾನು ಹೊರಡುವಾಗ ಒಂದು ಹಾಳೆಯ ಮೇಲೆ ಮುಂದಿನ ಭೇಟಿಯ ದಿನಾಂಕವನ್ನು ದೊಡ್ಡದಾಗಿ ಬರೆದು ಮಗುವಿನ ಕೈಗೆ ಕೊಡುತ್ತೇನೆ. ಆ ದಿನ ಮಳೆಯಿರಲಿ, ಹಿಮವಿರಲಿ, ಹೋಗುತ್ತೇನೆ.